ಪರಿಶೀಲಕರು ಬಂದರು
ವಿಜ್ಞಾನಿಗಳಿಗೂ ಎಂಜಿನಿಯರುಗಳಿಗೂ ಕಂಪ್ಯೂಟರಿನಲ್ಲಿ ದೊಡ್ಡ ದೊಡ್ಡ ಲೆಕ್ಕ ಮಾಡಿಕೊಡುವ ನಮ್ಮ ಪಕ್ಕದ ಮನೆಯವನ ಸಂಸ್ಥೆಯಲ್ಲಿ ಇರುವುದು ಅವನೊಬ್ಬನೇ. ಆದರೂ ಫೋನ್ ಬಂದರೆ "ನಮ್ಮವರನ್ನ ಕೇಳಿ ಹೇಳ್ತೀವಿ" ಎನ್ನುತ್ತಾನೆ. ಲೆಕ್ಕ ಮಾಡಿದವನೇ ಅದನ್ನು ಪರಿಶೀಲಿಸಬಾರದು ಎಂಬುದು ಅವನ ಕಟ್ಟುನಿಟ್ಟು. ಹಾಗಾಗಿ ಲೆಕ್ಕ ಮುಗಿದೊಡನೆ ಹಿಂಬಾಗಿಲಿಂದ ಹೊರಬಿದ್ದು, ಇಸ್ತ್ರಿಯ ಅಂಗಿ ತೊಟ್ಟು, ಮುಂಬಾಗಿಲಿಗೆ ಬಂದು ಬೆಲ್ ಒತ್ತುತ್ತಾನೆ. ಅವನ ತಾಯಿ ಬಾಗಿಲು ತೆರೆದು, ಪರಿಶೀಲಕರನ್ನು ಕೂರಿಸಿ ನೀರು ಕೊಡಬೇಕು. ಈ ಪರಿಶೀಲಕ ಮಹಾ ಸಿಡುಕ. ನಿನ್ನೆ ಸೇತುವೆಯೊಂದರ ಲೆಕ್ಕದಲ್ಲಿ ತಪ್ಪು ಸಿಕ್ಕಿತು. "ಯಾವ ಕತ್ತೆ ಮಾಡಿದ್ದು ಇದನ್ನ? ಸೇತುವೆ ಬಿದ್ರೆ ಜನ ಸಾಯ್ತಾರೆ! ಇವತ್ತೇ ಅವನನ್ನ ಕೆಲಸದಿಂದ ತೆಗೀತೀನಿ!" ಎಂದು ಮೇಜು ಗುದ್ದಿದ. ತಾಯಿ ಅಡುಗೆಮನೆಯಿಂದ ಓಡಿಬಂದು ಕೈಮುಗಿದರು. "ಬೈಬೇಡಿ ಸಾರ್. ಪಾಪ, ನನ್ನ ಮಗ ಮೂರು ದಿನದಿಂದ ನೆಟ್ಟಗೆ ಊಟಾನೇ ಮಾಡಿಲ್ಲ."