ಸಡಿಲ ಬಿಟ್ಟ ಗೇರ್ ಕೇಬಲ್

ನಾಗಸಂದ್ರಕ್ಕೆ ಆಗಿನ್ನೂ ಮೆಟ್ರೊ ಬಂದ ಹೊಸತು. ನಮ್ಮ ಮನೆಯಲ್ಲಿ ಯಾರಿಗಾದರೂ ಏಟು ಬೀಳದ ದಿನವೇ ಇರುತ್ತಿರಲಿಲ್ಲ. ಅಪ್ಪ ಪೀಣ್ಯದಲ್ಲಿ ಪ್ರೆಸ್ ಮಷೀನು ನಡೆಸುತ್ತಿದ್ದ. ಮಾತಿಗಿಂತ ಕೈ ಮುಂದು. ಅಪ್ಪ ಅಮ್ಮನಿಗೆ ಬಾರಿಸಿದರೆ ಅಮ್ಮ ಅಕ್ಕನಿಗೆ ಬಾರಿಸುತ್ತಿದ್ದಳು, ಅಕ್ಕ ನನಗೆ. ನನ್ನ ಕೈಗೆ ಸಿಗುವವರು ಯಾರೂ ಇಲ್ಲವಲ್ಲ ಎಂದು ನನಗೆ ಹೊಟ್ಟೆಯುರಿ.

ಪಿಯುಸಿ ಓದುತ್ತಿದ್ದ ಅಕ್ಕ ಮಾಕಳಿಗೆ ಟ್ಯೂಷನ್ನಿಗೆ ಹೋಗುತ್ತಿದ್ದಳು. ಆರು ಗಂಟೆಯೊಳಗೆ ಮನೆ ಸೇರದಿದ್ದರೆ ಓದು ಬಂದ್ ಎಂದು ಅಪ್ಪ ಹೇಳಿಬಿಟ್ಟಿದ್ದ. ಅಂಥ ಹೊತ್ತಿನಲ್ಲೇ ಅವಳ ಸೈಕಲ್ಲಿನ ಗೇರ್ ಕೇಬಲ್ ತುಂಡಾಯಿತು. ಕೇಬಲ್ ಹೋದರೆ ಸೈಕಲ್ ಅತಿ ಭಾರದ ಗೇರಿಗೆ ಬಿದ್ದುಬಿಡುತ್ತದೆ, ಏರಿನಲ್ಲಿ ಪೆಡಲ್ ತುಳಿಯಲಾಗುವುದಿಲ್ಲ.

ಭಾನುವಾರ ಅಕ್ಕ ಹೊಸ ಕೇಬಲ್ ತಂದು ಸೈಕಲ್ಲನ್ನು ಬಾಗಿಲ ಮುಂದೆ ತಲೆಕೆಳಗು ನಿಲ್ಲಿಸಿದಳು. ಒಳಗೆ ಅಮ್ಮ ಉಪ್ಸಾರಿಗೆ ಬೆಳ್ಳುಳ್ಳಿ ಖಾರ ಅರೆಯುತ್ತಿದ್ದಳು. ಹಿಂದಿನ ಚಕ್ರದ ಹತ್ತಿರ ನಾನು ಇಕ್ಕಳದಿಂದ ಕೇಬಲ್ ಎಳೆದು ಹಿಡಿದೆ.

"ಬಿಗಿಯಾಗಿ ಹಿಡ್ಕೊಳೇ, ಬಿಟ್ರೆ ಸಾಯಿಸ್ಬಿಡ್ತೀನಿ!" ಎನ್ನುತ್ತಾ ಅಕ್ಕ ಕೇಬಲ್ ಕಚ್ಚಿ ಹಿಡಿಯುವ ಬೋಲ್ಟನ್ನು ತಿರುಗಿಸಿದಳು. ತಂತಿಯ ಎಳೆ ಚುಚ್ಚಿ ನನ್ನ ಬೆರಳಲ್ಲಿ ರಕ್ತ ಬಂತು.

"ಒಂದ್ ರೌಂಡ್ ಕೊಡಕ್ಕಾ."

"ಬೀಳಿಸಿ ಹಾಳ್ಮಾಡ್ತೀಯ, ಹೋಗೇ," ಎಂದು ತಲೆಗೆ ಮೊಟಕಿದಳು.

ಮೈಯೆಲ್ಲ ಉರಿದುಹೋಯಿತು. ಅವಳು ಸ್ನಾನಕ್ಕೆ ಹೋದದ್ದೇ ತಡ, ಸ್ಪ್ಯಾನರ್ ಹಾಕಿ ಬೋಲ್ಟ್ ಸಡಿಲ ಮಾಡಿಟ್ಟೆ. ದಾರಿಯಲ್ಲಿ ನಿಲ್ಲಲಿ, ಕೊಬ್ಬು ಇಳಿಯಲಿ ಎಂದುಕೊಂಡೆ.

ಸೋಮವಾರ ಆರೂವರೆ ದಾಟಿದ ಮೇಲೆ ಅಕ್ಕ ಸೈಕಲ್ ತಳ್ಳಿಕೊಂಡು ಬಂದಳು.

"ಯಾವನ್ ಜೊತೆ ನಿಂತಿದ್ದೆ?"

"ಕೇಬಲ್ ಜಾರ್ಬಿಡ್ತಪ್ಪಾ, ದಮ್ಮಯ್ಯ..."

"ನಿನ್ನೆ ತಾನೇ ಹೊಸದು ಹಾಕ್ದಲ್ಲೇ! ನನ್ನತ್ರಾನೇ ನಾಟ್ಕ ಆಡ್ತೀಯಾ?"

ಕಿಟಕಿಯ ಮೇಲೆ ಬಿದ್ದಿದ್ದ ಹಳೆಯ ಕೇಬಲ್ಲನ್ನು ಅಪ್ಪ ಕೈಗೆ ಸುತ್ತಿಕೊಂಡ. ಬೀಸಿದ ಏಟಿಗೆ ಅಕ್ಕನ ಭುಜದ ಮೇಲೆ ಬಟ್ಟೆ ಹರಿಯಿತು. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಪ್ಪ ಮತ್ತೆ ಕೇಬಲ್ ಬೀಸಿದ, ಬಾಯಿ ಮುಚ್ಚಿಕೊಂಡೆ. ಥೂ, ಎಂಥ ಹೇಡಿ ನಾನು! ಕೊನೆಗೆ ಅಮ್ಮ ಅಡ್ಡ ಬಂದು, ತಾನೂ ಎರಡು ತಿಂದು, ಅಪ್ಪನ ಕಾಲು ಹಿಡಿದು ಅವಳ ಓದು ಉಳಿಸಿದಳು.

ಮರುದಿನ ಬೆಳಿಗ್ಗೆ ಅಕ್ಕ ಸೈಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಬೋಲ್ಟ್ ಮುಟ್ಟಿದಳು. ಅದು ಬರೀ ಬೆರಳಿಗೇ ತಿರುಗಿತು. ಕತ್ತೆತ್ತಿ ನನ್ನನ್ನೇ ನೋಡಿದಳು. ಕೆನ್ನೆಗೆ ಬೀಳುತ್ತದೆಂದು ಕಣ್ಣು ಮುಚ್ಚಿಕೊಂಡು ನಿಂತೆ, ಬೀಳಲಿಲ್ಲ. ಕಣ್ಣು ಬಿಟ್ಟಾಗ ಅವಳು ಕೇಬಲ್ಲನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಒಬ್ಬಳೇ ಬಿಗಿ ಮಾಡುತ್ತಿದ್ದಳು. ಅಪ್ಪನಿಗೂ ಹೇಳಲಿಲ್ಲ.

ಅಪ್ಪ ಈಗಿಲ್ಲ. ಅಕ್ಕ ಕಾಡುಗೋಡಿಯಲ್ಲಿದ್ದಾಳೆ. ಹೋದರೆ ಹೊಟ್ಟೆ ತುಂಬ ಬಡಿಸುತ್ತಾಳೆ, ಅಕ್ಕರೆಗೇನೂ ಕಡಿಮೆಯಿಲ್ಲ. ಮೊನ್ನೆ ಒಬ್ಬಳೇ ಮಂಚ ಸರಿಸುತ್ತಿದ್ದಳು. ಇನ್ನೊಂದು ತುದಿ ಹಿಡಿಯಲು ಹೋದೆ.

"ಬಿಡೇ, ನಾನೇ ಮಾಡ್ಕೋತೀನಿ," ಎಂದಳು.

ಆವತ್ತು ಕೆನ್ನೆಗೆರಡು ಬಾರಿಸಿದ್ದರೆ ಇಷ್ಟು ಹೊತ್ತಿಗೆ ಇಬ್ಬರೂ ಮರೆತಿರುತ್ತಿದ್ದೆವು.