ಅಳೆಯದೆ ಬಿಟ್ಟ ಜಿಗಿತ

ಬೆಳಿಗ್ಗೆ ನಮ್ಮ ಡಾಕ್ಟರು ಜಿಪಿಯ ಕ್ಲಿನಿಕ್ಕಿಗೆ ಫೋನ್ ಹಚ್ಚಿ, ಲೈನ್ ಸಿಗುವವರೆಗೆ ಅವರು ಹಾಕುವ ಸಂಗೀತ ಕೇಳುತ್ತಾ ಬೇಳೆ ಆರಿಸಿದೆ. ಮಗಳ ಆಟದ ಅಂಗಿ ಒಗೆದೆ. ಈಲಿಂಗ್ ರೋಡಿನ ಇಂಡಿಯನ್ ಅಂಗಡಿಯಿಂದ ಕರಿಬೇವು ತಂದೆ. ಸಂಜೆ, ಮೇಜುಬಟ್ಟೆಗೆ ಅಂಟಿದ್ದ ಮೇಣ ತೆಗೆಯಲು ಕಾಗದವಿಟ್ಟು ಇಸ್ತ್ರಿ ಒತ್ತಿದೆ. ಆ ಕರಗಿದ ಮೇಣದ ವಾಸನೆಗೆ ಮಾರ್ಲೀಸ್ ನೆನಪಾದಳು.

ಕಿಂಗ್ಸ್‌ಬರಿಯ ನಮ್ಮ ಹಳೆಯ ಫ್ಲಾಟಿನಲ್ಲಿ ಅವಳದು ಎದುರು ಬಾಗಿಲು. ಜರ್ಮನಿಯವಳು, ಹರೆಯದಲ್ಲಿ ಸ್ಕೀ ಜಂಪರ್. ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು, ಹಿಮದ ಇಳಿಜಾರಿನಲ್ಲಿ ಜಾರಿ, ಗಾಳಿಗೆ ಹಾರುವ ಆಟವದು. ನಾನೋ, ಸ್ಟೂಲು ಹತ್ತಿ ಬಲ್ಬು ಹಾಕುವುದಕ್ಕೂ ಗಂಡನನ್ನು ಕರೆಯುವವಳು, ಬಿಡಿ. ಚಳಿಗಾಲ ಬಂತೆಂದರೆ ಅವಳು ಆ ಹಳೆಯ ಸ್ಕೀ ಹಲಗೆಗಳನ್ನಿಳಿಸಿ, ನುಣ್ಣಗೆ ಜಾರಲೆಂದು ಇಸ್ತ್ರಿಪೆಟ್ಟಿಗೆಯಿಂದ ಮೇಣ ಕರಗಿಸಿ ಸವರುತ್ತಿದ್ದಳು, ಇನ್ನು ಹಾರುವುದಿಲ್ಲವೆಂದು ಗೊತ್ತಿದ್ದೂ.

ಗಂಡಸರ ಸ್ಪರ್ಧೆಗೆ ಮುಂಚೆ, ದಾರಿ ಸರಿಯಿದೆಯೇ ನೋಡಲು ಹುಡುಗಿಯರನ್ನು ಹಾರಿಸುತ್ತಿದ್ದರಂತೆ. ಒಮ್ಮೆ ಇವಳು ತೀರ ದೂರ ಹೋಗಿ ಇಳಿದಳು. ತೀರ್ಪುಗಾರರು ಗಾಬರಿಯಾಗಿ ವೇಗ ತಗ್ಗಲೆಂದು ಗಂಡಸರು ಹೊರಡುವ ಜಾಗವನ್ನೇ ಕೆಳಗಿಳಿಸಿದರು, ಪಾಪ, ಅವರು ಅಷ್ಟು ದೂರ ಹಾರಿ ಕಾಲು ಮುರಿದುಕೊಂಡಾರೆಂದು.

"ನಿನ್ನ ದೂರ ಎಷ್ಟು ಬಂತು?" ಅಂದೆ.

"ಅಳೀಲೇ ಇಲ್ಲ. ಕೇಳಿದ್ದಕ್ಕೆ ಒಬ್ಬ, ಗರ್ಭಕೋಶ ಜೋಪಾನ ಹುಡುಗಿ, ಅಂದ."

ಒಲಿಂಪಿಕ್ಸ್ ಹೆಂಗಸರಿಗೂ ಬಾಗಿಲು ತೆರೆಯುವ ಹೊತ್ತಿಗೆ ಅವಳ ಮಂಡಿ ಕೆಟ್ಟಿತ್ತು. ಅವಳ ವೃತ್ತಿಜೀವನವೆಲ್ಲ ಬೇರೆಯವರ ದಾರಿ ಪರೀಕ್ಷಿಸುವುದರಲ್ಲೇ ಮುಗಿಯಿತು. ಅದನ್ನು ಹೇಳಿ ಅವಳು ನಗುತ್ತಿದ್ದಳು. ನನಗೆ ಆ ನಗುವಿನ ಮೇಲೂ ಸಿಟ್ಟು.

ಇಸ್ತ್ರಿ ಆರಿಸುವಾಗ, ನಮ್ಮ ಕನ್ನಡ ಕೂಟದ ಕಾರ್ಯದರ್ಶಿಗಳಾದ ನನ್ನ ಯಜಮಾನರು ಮುಂದಿನ ಭಾನುವಾರದ ಆಟೋಟದ ಪಟ್ಟಿ ಓದಿದರು. "ಮೊದ್ಲು ಹುಡುಗೀರ ಲಾಂಗ್ ಜಂಪ್, ಸುಮ್ನೆ ಖುಷಿಗೆ. ಮರಳು ಹೇಗಿದೆ ಗೊತ್ತಾಗತ್ತೆ. ಆಮೇಲೆ ಹುಡುಗರದ್ದು, ಟ್ರೋಫಿಗೆ."

ಬೇಸಿಗೆಯಿಡೀ ಪಾರ್ಕಿನಲ್ಲಿ ಹಾರಿ ಹಾರಿ ಮೊಣಕಾಲು ತರಚಿಕೊಂಡ ಮಗಳು ತಲೆಯೆತ್ತಲಿಲ್ಲ. "ಇಟ್ಸ್ ಫೈನ್, ಅಪ್ಪ."

"ಫೈನ್ ಅಲ್ಲ," ಅಂದೆ. "ಹುಡುಗೀರದ್ದೂ ಅಳೀಬೇಕು, ಮೈಕಲ್ಲಿ ಹೇಳ್ಬೇಕು, ಟ್ರೋಫಿನೂ ಕೊಡ್ಬೇಕು."

"ಕಮಿಟಿ ಕೇಳ್ಬೇಕಲ್ಲ ಕಣೆ."

"ಕೇಳಿ. ಹಾಗೇ ಇನ್ನೂರು ಜನಕ್ಕೆ ಬಿಸಿಬೇಳೆಬಾತ್ ಯಾರು ಮಾಡ್ತಾರೆ ಅಂತಾನೂ ಕಮಿಟೀನೇ ಕೇಳಿ. ನಾವು ಹೆಂಗಸರು ಈ ಸಲ ಸುಮ್ನೆ ಖುಷಿಗೆ ಬರ್ತೀವಿ."

ಅವರು ನನ್ನ ಮುಖ ನೋಡಿದರು. ಅಲ್ಲಿಂದಲೇ ಕಮಿಟಿಯ ಮೂವರಿಗೆ ಫೋನ್ ಮಾಡಿ, ಕೊನೆಗೆ, "ಆಯ್ತು, ಇಬ್ಬರಿಗೂ ಟ್ರೋಫಿ. ಟೇಪು ನಾನೇ ಹಿಡೀತೀನಿ," ಅಂದರು.

"ಗಟ್ಟಿಯಾಗಿ ಹಿಡೀರಿ," ಅಂದೆ.

ರಾತ್ರಿ ಚಪಾತಿ, ಬದನೆಕಾಯಿ ಪಲ್ಯ. ಮಗಳು ಕೇಳಿ ಇನ್ನೊಂದು ಹಾಕಿಸಿಕೊಂಡಳು. ಮೊದಲು ನಿದ್ದೆ ಹೋದವಳೂ ಅವಳೇ. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ.