ಸಾಯಬೇಕಾದವಳ ಉಡಿ

ಬರೆಯುವವನಿಗೆ, ಬರೆಯದೆ ತಪ್ಪಿಸಿಕೊಳ್ಳಲು, ಒಂದೆರಡು ಹವ್ಯಾಸಗಳು ಬೇಕೇ ಬೇಕು. ನನಗೆ ಹಿತ್ತಲಿನ ಬದನೆ ಗಿಡಗಳಿವೆ, ಮಾಗಡಿ ಕೆರೆಯಿದೆ. ಮುಂಜಾನೆ ಕಾಗದ ಮುಂದಿಟ್ಟುಕೊಂಡು ಕುಳಿತ ಕೂಡಲೆ ಬದನೆಗೆ ಹುಳ ಬಿದ್ದಿರಬಹುದೆಂಬ ಅನುಮಾನ ಶುರುವಾಗುತ್ತದೆ. ಹುಳ ಸಿಗದಿದ್ದರೆ ಸೈಕಲ್ ಹತ್ತಿ ಕೆರೆಯ ದಂಡೆಗೆ ಹೋಗುತ್ತೇನೆ. ದೂರದೇಶದ ಹಕ್ಕಿಗಳನ್ನು ನೋಡುತ್ತಿದ್ದರೆ ಸ್ಫೂರ್ತಿ ಬರುತ್ತದೆ ಎಂದು ನನ್ನ ನಂಬಿಕೆ. ಬರುವುದು ಹೆಚ್ಚಾಗಿ ನಿದ್ದೆ.

ಹಾಗಿದ್ದೂ ನಾನೊಂದು ನಾಟಕ ಬರೆದು ಮುಗಿಸಿದೆ. ಕನ್ನಡನಾಡು ಒಂದಾಗುವ ಸಂಭ್ರಮಕ್ಕೆ ನಮ್ಮ ಶಿರಹಟ್ಟಿಯ ಶಾಲೆಯಲ್ಲಿ ಒಂದು ಆಟ ಆಗಬೇಕೆಂದು ಊರಿನವರು ಹಟ ಹಿಡಿದಿದ್ದರು. ಶಾಲೆಯ ಮಾಸ್ತರರಲ್ಲಿ ಬರೆಯುವ ಚಟದವನು ನಾನೊಬ್ಬನೇ.

ವಸ್ತುವನ್ನು ಹುಡುಕಬೇಕಾಗಿರಲಿಲ್ಲ. ನಮ್ಮ ಸೀಮೆಯಲ್ಲಿ ಹಿಂದೆ ಭೂಗೋಳ ಕಲಿಸುವುದೆಂದರೆ ತಲೆನೋವು. ಶಿರಹಟ್ಟಿ ಸಾಂಗಲಿಯದು, ಲಕ್ಷ್ಮೇಶ್ವರ ಮಿರಜದ್ದು, ಗದಗ ಮುಂಬಯಿಯದು, ಮುಂಡರಗಿ ದಾಟಿದರೆ ನಿಜಾಮರದು. ಬೆಳಗ್ಗೆ ಚಕ್ಕಡಿ ಹೂಡಿದವನು ಊಟದ ಬುತ್ತಿ ಬಿಚ್ಚುವುದರೊಳಗೆ ಇಬ್ಬರು ದೊರೆಗಳ ಪ್ರಜೆಯಾಗಿರುತ್ತಿದ್ದ. ಬೀಗತನ ಮಾತ್ರ ಈ ಗಡಿಗಳನ್ನೆಲ್ಲ ಲೆಕ್ಕಕ್ಕೇ ಇಟ್ಟಿರಲಿಲ್ಲ. ನನ್ನ ಅಕ್ಕ ಗೋದಕ್ಕನನ್ನು ಕೊಟ್ಟದ್ದು ಮುಂಡರಗಿಯಾಚೆ, ನಿಜಾಮರ ಸೀಮೆಯ ಹಳ್ಳಿಗೆ. ಸ್ವಾತಂತ್ರ್ಯ ಬಂದ ಮರುವರ್ಷ ಅಲ್ಲಿ ಗದ್ದಲವೆದ್ದು ದಾರಿ ಬಂದಾಯಿತು. ಹೆಣ್ಣುಮಕ್ಕಳು ತವರಿಗೆ ಬರುವ ಪಂಚಮಿಗೆ ಅಕ್ಕ ಬರಲಿಲ್ಲ. ಅವ್ವ ಕಟ್ಟಿಟ್ಟ ಉಂಡಿಗಳನ್ನು ಯಾರೂ ಮುಟ್ಟಲಿಲ್ಲ. ಬದುಕಿದ್ದಾಳೋ ಇಲ್ಲವೋ ಎನ್ನುವ ಖಬರೂ ಇರಲಿಲ್ಲ. ಗದ್ದಲ ಅಡಗಿದ ಮೇಲೆ ಅಕ್ಕ ಗಟ್ಟಿಮುಟ್ಟಾಗಿ ಬಂದಳೆನ್ನಿ, ಆದರೆ ಆ ಪಂಚಮಿ ನನ್ನ ಎದೆಯಿಂದ ಹೋಗಲೇ ಇಲ್ಲ.

ಅದನ್ನೇ ಬರೆದೆ. ನಾಟಕದ ಅಕ್ಕ ತವರಿಗೆ ಹೊರಟು ಗಡಿಯ ನಾಕಾದ ಅಡ್ಡಗಳುವಿನ ಬುಡದಲ್ಲಿ ಬಿದ್ದು ಪ್ರಾಣ ಬಿಡುತ್ತಾಳೆ. ಆಮೇಲೆ ತಂದೆಯ ಮಾತು, ಮೂರು ಪುಟ. ಅದನ್ನು ಬರೆಯುವಾಗ ನಾನೇ ಅತ್ತಿದ್ದೆ. ನನ್ನ ಹೆಂಡತಿ ಅಂಬಾಬಾಯಿ ರೊಟ್ಟಿ ತಟ್ಟುತ್ತ ಕೇಳಿಸಿಕೊಂಡು ಅಂದಳು:

"ಅಕ್ಕಾರು ಕಲ್ಲಿನಂಗ ಅದಾರ. ಆಕಿನ್ನ ಯಾಕ ಸಾಯಸ್ತೀರಿ?"

"ಸತ್ತರನ ಮಂದಿ ಮನಸಿಗೆ ನಾಟತೈತಿ."

"ನಾಡು ಕೂಡೋ ದಿನ ಹೆಣ್ಣಮಗಳ ಹೆಣಾ ತೋರಸೂದು ನನಗೇನೋ ಚಂದ ಕಾಣವಲ್ತು. ಆತು, ನಿಮ್ಮ ನಾಟಕ, ನೀವು ನೋಡ್ಕೊರ್ರಿ."

ನೋಡಿಕೊಂಡೆ. ದರ್ಜಿ ವಿರುಪಾಕ್ಷಪ್ಪ ಅಕ್ಕನ ಪಾತ್ರಕ್ಕಾಗಿ ಹುರಿಮೀಸೆಯನ್ನೇ ತೆಗೆಸಿದ. ಡ್ರಿಲ್ ಮಾಸ್ತರರದು ತಂದೆಯ ಪಾತ್ರ. ಫುಟ್ಬಾಲಿನ ಗೋಲಿನ ಗಳುವೇ ನಿಜಾಮರ ನಾಕಾ ಆಯಿತು. ಗ್ಯಾಸಿನ ದೀಪ ಸಿಗದ್ದರಿಂದ ಆಟ ಮಧ್ಯಾಹ್ನಕ್ಕೇ. ಗೋದಕ್ಕನೂ ಊರಿಂದ ಬಂದು ಹೆಂಗಸರ ಸಾಲಿನ ಮುಂದೆ ಕುಳಿತಳು. ಆಟ ಮುಗಿಸಿ ಅಲ್ಲಿಂದಲೇ ಮುಂಡರಗಿಯ ಮೋಟಾರು ಹತ್ತುವವಳಿದ್ದಳು. ಆದ್ದರಿಂದ ಅಂಬಾ ಅವಳಿಗೆ ಉಡಿ ತುಂಬಲೆಂದು ಅಕ್ಕಿ, ಕಾಯಿ, ಕುಬಸದ ಖಣ ಎಲ್ಲವನ್ನೂ ಬುಟ್ಟಿಯಲ್ಲಿ ತಂದಿದ್ದಳು. ನಮ್ಮಲ್ಲಿ ತವರಿಗೆ ಬಂದವಳನ್ನು ಸೆರಗಿಗೆ ಇಷ್ಟು ಹಾಕದೆ ಕಳಿಸುವುದಿಲ್ಲ.

ವಿರುಪಾಕ್ಷಪ್ಪ ಅದ್ಭುತವಾಗಿ ಸತ್ತ. ಬಯಲೆಲ್ಲ ಬಿಕ್ಕುತ್ತಿತ್ತು. ಪರದೆಯ ಮರೆಯಲ್ಲಿ ನಿಂತ ನನಗೆ ಒಳಗೊಳಗೇ ಹಿಗ್ಗು. ಡ್ರಿಲ್ ಮಾಸ್ತರರು ಮೂರು ಪುಟಕ್ಕೆ ಸಾಕಾಗುವಷ್ಟು ಉಸಿರೆಳೆದುಕೊಂಡರು. ಅಷ್ಟರಲ್ಲಿ ಗೋದಕ್ಕ ಎದ್ದಳು. ಅಂಬಾನ ಕೈಯಿಂದ ಬುಟ್ಟಿ ಕಸಿದುಕೊಂಡು ನೇರ ರಂಗಕ್ಕೇ ಹತ್ತಿದಳು.

"ತವರಿಗೆ ಬಂದಾಕಿ ಬರೇ ಉಡಿಲೆ ಮಲಗಬಾರ್ದವ್ವಾ. ಏಳು. ಸೆರಗು ಹಿಡಿ."

ಆ ಕ್ಷಣದಲ್ಲಿ ಹೆಣವಾಗಿಯೇ ಇರಲು ವಿರುಪಾಕ್ಷಪ್ಪನಿಗೆ ಎಷ್ಟು ಕಲಿಸಿದ್ದೆ ಗೊತ್ತೇ! ಆದರೆ ಉಡಿ ತುಂಬುತ್ತೇನೆಂದು ಬಂದವರಿಗೆ ಸೆರಗು ಒಡ್ಡದವರು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಅವನು ಎದ್ದು, ಪೂರ್ವಕ್ಕೆ ಮುಖ ಮಾಡಿ ಕುಳಿತು, ಸೆರಗು ಹಿಡಿದ. ಅಕ್ಕ ಕುಂಕುಮ ಹಚ್ಚಿ ಉಡಿ ತುಂಬಿದಳು. ಅವಳು ಉಡಿ ತುಂಬುತ್ತಿದ್ದದ್ದು ಯಾರಿಗೆಂದು ನನಗೆ ಆಗ ತಿಳಿಯಿತು. ಆ ಪಂಚಮಿಗೆ ತವರಿಗೆ ಬಾರದೆ ಹೋದ ತನಗೇ.

ವಿರುಪಾಕ್ಷಪ್ಪ ನನ್ನತ್ತ ತಿರುಗಿ ಕೇಳಿದ: "ಸರ, ಈಗ ಮತ್ತ ಸಾಯ್ಲ್ಯೋ, ಹೆಂಗ?"

ನಾನು ಬಾಯಿ ತೆರೆಯುವ ಮೊದಲೇ ಹೆಂಗಸರ ಸಾಲು ಕೂಗಿತು: "ಬ್ಯಾಡಾ! ಮನಿಗೆ ಕರಕೊಂಡು ಹೋಗ್ರಿ!"

ಡ್ರಿಲ್ ಮಾಸ್ತರರು ನನ್ನ ಮೂರೂ ಪುಟಗಳನ್ನು ಮರೆತರು. ಗೋಲಿನ ಗಳುವನ್ನು ಎತ್ತಿ ಪಕ್ಕಕ್ಕೆಸೆದು, "ನಡಿಯವ್ವಾ, ಮನಿಗೆ ಹೋಗೂಣು" ಎಂದರು. ಅಂಥ ಚಪ್ಪಾಳೆಯನ್ನು ನಾನು ಮತ್ತೆಲ್ಲೂ ಕೇಳಿಲ್ಲ. ಆ ಮಾತು ನಾನು ಬರೆದದ್ದಲ್ಲ ಎಂದು ಹೊಟ್ಟೆಯುರಿಯಿತು, ಕಣ್ಣೂ ತುಂಬಿತು. ಎರಡೂ ಖರೆ.

ತಂದ ಉಡಿಯೆಲ್ಲ ದರ್ಜಿಯ ಸೆರಗಿಗೆ ಹೋಯಿತಲ್ಲ? ಬರಿ ಉಡಿಯಲ್ಲಿ ಅಕ್ಕನನ್ನು ಕಳಿಸಲಾಗದೆಂದು ಅಂಬಾ ಅವಳನ್ನು ಹಿಂದಕ್ಕೆ ಕರೆತಂದಳು. ಅಕ್ಕ ಒಂದು ವಾರ ಉಳಿದು ನನ್ನ ಬದನೆಕಾಯಿಗಳನ್ನೆಲ್ಲ ಎಣ್ಣೆಗಾಯಿ ಮಾಡಿ ಮುಗಿಸಿದಳು.

ಆಟದ ಮರುದಿನವೇ ವಿರುಪಾಕ್ಷಪ್ಪ ಕಾಯಿ, ಖಣಗಳನ್ನು ಮರಳಿಸಲು ಬಂದ. ಅಂಬಾ ಮುಟ್ಟಲಿಲ್ಲ. "ಉಡಿ ತುಂಬಿದ್ದು ಹೊಳ್ಳಿ ಇಸ್ಕೊಳಾಕ ಬರೂದಿಲ್ರಿ. ಈಗ ನೀವು ಈ ಮನಿ ಮಗಳು. ಪಂಚಮಿಗೆ ಬರ್ರಿ" ಎಂದಳು. ಚೇಷ್ಟೆಗೆ ಅಂದದ್ದು. ಆದರೆ ಅವನು ಬಂದ.

ಈಗಲೂ ಬರುತ್ತಾನೆ. ಹುರಿಮೀಸೆ ಮತ್ತೆ ಬೆಳೆದಿದೆ. ಗೋದಕ್ಕನ ಪಕ್ಕದಲ್ಲಿ ಕುಳಿತು ಉಂಡಿ ತಿನ್ನುತ್ತಾನೆ, ಉಪ್ಪು ಖಾರದ ವಿಚಾರದಲ್ಲಿ ಮನೆಮಗಳಂತೆಯೇ ತಕರಾರು ತೆಗೆಯುತ್ತಾನೆ. ನಾಟಕ ಬರೆದರೆ ಹೆಸರು ಬರುತ್ತದೆ ಎಂದು ನಾನು ಕಾದಿದ್ದೆ. ಹೆಸರಿನ ಸುದ್ದಿಯಿಲ್ಲ. ಒಬ್ಬ ಅಕ್ಕನನ್ನು ಕೊಲ್ಲಲು ಹೊರಟವನ ಮನೆಗೆ ಈಗ ಪಂಚಮಿಗೆ ಇಬ್ಬರು ಬರುತ್ತಾರೆ.